ಮೆಣಸಿನಕಾಯಿ ಮನೆಯ ಕೂಸು

ಮಗಳ ಮೊದಲ ಹೆಸರು ನನ್ನದೇ ಹೆಸರಾಗಿತ್ತು. ಹುಟ್ಟಿದ ಅರ್ಧ ಗಂಟೆಯೊಳಗೆ ನರ್ಸ್ ಅವಳ ಕಾಲಿಗೆ ಕಟ್ಟಿದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ನೀಲಿ ಶಾಯಿಯಲ್ಲಿ ‘ಬೇಬಿ ಆಫ್’ ಎಂದು ಬರೆದು ಅದರ ಮುಂದೆ ನನ್ನ ಹೆಸರು ಬರೆದಿದ್ದರು. ಮೂರು ದಿನ ಆ ಆಸ್ಪತ್ರೆಯಲ್ಲಿ ಅವಳನ್ನು ತೂಕಕ್ಕೆ ಇಟ್ಟದ್ದು, ಲಸಿಕೆ ಹಾಕಿದ್ದು, ಕಾಮಾಲೆ ಇದೆಯೇ ಎಂದು ನೋಡಿದ್ದು ಎಲ್ಲವೂ ಆ ಹೆಸರಿನಲ್ಲೇ. ಅಂಗೈ ಅಗಲದ ಪಾದ, ಅದರ ಮೇಲೆ ನನ್ನ ಹೆಸರು. ಮೂವತ್ತೆರಡು ವರ್ಷ ನಾನು ಅದನ್ನು ಹೊತ್ತುಕೊಂಡು ತಿರುಗಿದ್ದೆ, ಆದರೆ ಅದು ಇನ್ನೊಂದು ಜೀವಕ್ಕೆ ಗುರುತಾಗಬಲ್ಲದು ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಮನೆಗೆ ಬಂದ ದಿನ ಅಮ್ಮ ಕತ್ತರಿ ತಂದು ಆ ಪಟ್ಟಿಯನ್ನು ಕತ್ತರಿಸಿದಳು. ನಾನು ಅದನ್ನು ಎತ್ತಿಟ್ಟುಕೊಂಡೆ.

ಬಿಡುಗಡೆಯ ಕಾಗದ ತುಂಬುವಾಗ ಹೆಸರಿನ ಜಾಗ ಖಾಲಿ ಬಿಟ್ಟಿದ್ದೆವು. ಅದಕ್ಕೆ ಅವಕಾಶವೂ ಇದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಹುಟ್ಟನ್ನು 21 ದಿನಗಳೊಳಗೆ ತಿಳಿಸಬೇಕು. ಹೆಸರನ್ನು ಮಾತ್ರ ಆಮೇಲೆ ಸೇರಿಸಬಹುದು. ಹನ್ನೆರಡು ತಿಂಗಳ ತನಕ ಶುಲ್ಕವಿಲ್ಲ, ಅದಾದ ಮೇಲೆ ಶುಲ್ಕ ಕಟ್ಟಿ ಹದಿನೈದು ವರ್ಷದ ತನಕ. ಕಾಯ್ದೆ ಬರೆದವರಿಗೆ ನಮ್ಮ ಮನೆಗಳ ಸಂಗತಿ ತಿಳಿದಿತ್ತು ಅನ್ನಿಸುತ್ತದೆ. ಕೂಸು ಒಂದು ಗಳಿಗೆಯಲ್ಲಿ ಹುಟ್ಟುತ್ತದೆ, ಹೆಸರು ಹಾಗೆ ಹುಟ್ಟುವುದಿಲ್ಲ. ನಮ್ಮ ಮನೆಯಲ್ಲಂತೂ ಅದಕ್ಕೆ ಮೂರು ತಿಂಗಳು ಹಿಡಿಯಿತು. ಕಾರಣ ಅಡ್ಡಹೆಸರು.

ನನ್ನ ಗಂಡನ ಮನೆತನದ ಅಡ್ಡಹೆಸರು ಮೆಣಸಿನಕಾಯಿ. ಹಾವೇರಿ ಜಿಲ್ಲೆಯ ಬ್ಯಾಡಗಿಯವರು. ಧಾರವಾಡ, ಗದಗ, ಹಾವೇರಿ ಸೀಮೆಯಲ್ಲಿ ಇದು ಯಾರ ಕಿವಿಗೂ ಚುಚ್ಚುವುದಿಲ್ಲ. ಅಲ್ಲಿ ಬೆಲ್ಲದ ಅವರಿದ್ದಾರೆ, ತುಪ್ಪದ ಅವರಿದ್ದಾರೆ, ಉಪ್ಪಿನ ಅವರಿದ್ದಾರೆ, ಉಳ್ಳಾಗಡ್ಡಿ, ಎಣ್ಣಿ, ಸಕ್ಕರಿ, ಕಡ್ಲಿ ಎಲ್ಲರೂ ಇದ್ದಾರೆ. ಒಂದು ಓಣಿಯ ಮನೆಗಳ ಫಲಕಗಳನ್ನು ಓದುತ್ತ ಹೋದರೆ ಕಿರಾಣಿ ಅಂಗಡಿಯ ಚೀಟಿ ಓದಿದಂತೆ. ಆದರೆ ನನ್ನ ಗಂಡ ಹದಿನೆಂಟನೇ ವಯಸ್ಸಿಗೆ ಬೆಂಗಳೂರಿಗೆ ಓದಲು ಬಂದಾಗ ಹಾಜರಿ ಕರೆಯುತ್ತಿದ್ದ ಮೇಷ್ಟ್ರು ಆ ಹೆಸರಿನ ಹತ್ತಿರ ಪ್ರತಿದಿನವೂ ಒಂದು ಕ್ಷಣ ನಿಲ್ಲುತ್ತಿದ್ದರಂತೆ. ಆ ನಿಲುಗಡೆಯೊಳಗೆ ತರಗತಿ ನಗುತ್ತಿತ್ತಂತೆ. ನಾಲ್ಕು ವರ್ಷ. ಅವನು ಇದನ್ನು ನನಗೆ ಹೇಳಿದ್ದು ಮದುವೆಯಾಗಿ ಐದು ವರ್ಷದ ಮೇಲೆ, ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ದೀಪ ಆರಿಸಿದ ಕೋಣೆಯಲ್ಲಿ. “ಇವಳಿಗೆ ಹಾಗೆ ಆಗಬಾರದು. ಮುಂದಿನ ಹೆಸರು ಎಷ್ಟು ಚೆನ್ನಾಗಿರಬೇಕು ಅಂದರೆ ಹಿಂದಿನದು ಯಾರಿಗೂ ಕೇಳಿಸಬಾರದು,” ಅಂದ.

ಹಾಗೆ ಶುರುವಾಯಿತು ನಮ್ಮ ಹುಡುಕಾಟ. ರಾತ್ರಿ ಹಾಲು ಕುಡಿಸಿ, ತೇಗಿಸಿ, ಮಲಗಿಸಿದ ಮೇಲೆ ಒಬ್ಬರು ಹೆಸರು ಹೇಳುವುದು, ಇನ್ನೊಬ್ಬರು ಅದಕ್ಕೆ ಅಡ್ಡಹೆಸರು ಜೋಡಿಸಿ ಗಟ್ಟಿಯಾಗಿ ಅನ್ನುವುದು. ಸಾನ್ವಿ ಮೆಣಸಿನಕಾಯಿ. ಆದ್ಯಾ ಮೆಣಸಿನಕಾಯಿ. ಮೈರಾ ಮೆಣಸಿನಕಾಯಿ. ಮಾನಸಾ ಎಂದರೆ ಮಕಾರ ಎರಡು ಕಡೆ ಕೂತು ಮಕ್ಕಳ ಪದ್ಯದಂತಾಯಿತು. ನಾನು ಕನ್ನಡ ಎಂ.ಎ. ಓದಿದವಳು, ಅಭ್ಯಾಸ ಬಲದಿಂದ ಮಾತ್ರೆ ಎಣಿಸಿದೆ. ಮೆಣಸಿನಕಾಯಿ ಎಂಬಲ್ಲಿ ನಾಲ್ಕು ಲಘು, ಒಂದು ಗುರು, ಮತ್ತೊಂದು ಲಘು. ಒಟ್ಟು ಏಳು ಮಾತ್ರೆ. ಮೊದಲ ನಾಲ್ಕು ಅಕ್ಷರ ಓಡುತ್ತವೆ, ‘ಕಾ’ದಲ್ಲಿ ಕಾಲೂರುತ್ತದೆ, ‘ಯಿ’ಯಲ್ಲಿ ಇಳಿಯುತ್ತದೆ. ಇಷ್ಟು ಓಡುವ ಹೆಸರಿನ ಮುಂದೆ ಇನ್ನೊಂದು ಓಡುವ ಹೆಸರು ಇಟ್ಟರೆ ಉಸಿರು ನಿಲ್ಲುವುದೇ ಇಲ್ಲ. ಮುಂದೆ ಗುರು ಬೇಕು, ದೀರ್ಘ ಬೇಕು, ಎರಡೇ ಅಕ್ಷರ ಸಾಕು. ಹಳೆಯ ಗೃಹ್ಯಸೂತ್ರಕಾರರೂ ಇಂಥ ಲೆಕ್ಕ ಹಾಕಿದವರೇ: ಗಂಡು ಮಗುವಿಗೆ ಎರಡೋ ನಾಲ್ಕೋ ಅಕ್ಷರ, ಹೆಣ್ಣಿಗೆ ಬೆಸ ಸಂಖ್ಯೆ ಎಂದವರಿದ್ದಾರೆ, ಹೆಣ್ಣಿನ ಹೆಸರು ಹೇಳಲು ಸುಲಭವಾಗಿರಬೇಕು, ದೀರ್ಘಸ್ವರದಲ್ಲಿ ಮುಗಿಯಬೇಕು ಎಂದು ಮನುಸ್ಮೃತಿ ಹೇಳುತ್ತದೆ. ಅವರಾರೂ ಅಡ್ಡಹೆಸರಿನ ಮಾತು ಎತ್ತಿಲ್ಲ. ಅದು ಅವರಿಗೆ ಇರಲಿಲ್ಲ.

ನನಗೂ ಇರಲಿಲ್ಲ. ನಾನು ನಾಗಮಂಗಲದ ಕಡೆಯವಳು. ನಮ್ಮಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್ ಇರುತ್ತವೆ, ಒಂದು ಊರಿನದು, ಇನ್ನೊಂದು ಅಪ್ಪನದು. ಶಾಲೆಯಲ್ಲಿ, ಕಾಲೇಜಿನಲ್ಲಿ, ಕೆಲಸದಲ್ಲಿ ಆ ಎರಡು ಅಕ್ಷರ ನನ್ನ ಮುಂದೆ ಸುಮ್ಮನೆ ನಡೆದು ಹೋಗುತ್ತಿದ್ದವು. ಪಾಸ್‌ಪೋರ್ಟ್ ಮಾಡಿಸುವಾಗ ಮಾತ್ರ ಅವನ್ನು ಬಿಡಿಸಿ ಬರೆಯಬೇಕು ಎಂದರು. ‘ಸರ್‌ನೇಮ್’ ಎಂಬ ಜಾಗದಲ್ಲಿ ಏನಾದರೂ ಬೇಕು, ಅಪ್ಪನ ಹೆಸರು ಹಾಕಿ ಅಂದರು. ಹಾಕಿದೆ. ಹಾಕದೆ ಬಿಟ್ಟವರ ಪಾಡು ಬೇರೆ. ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದರೆ ಅಮೆರಿಕದ ವೀಸಾದಲ್ಲಿ ಆ ಹೆಸರು ಮನೆತನದ ಜಾಗಕ್ಕೆ ಹೋಗಿ, ಸ್ವಂತ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. 2022ರ ನವೆಂಬರಿನಲ್ಲಿ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟಿನವರಿಗೆ ಪ್ರವಾಸಿ ವೀಸಾ ಇಲ್ಲ ಎಂದಾಗ ನಮ್ಮ ಕಡೆಯ ಎಷ್ಟೋ ಮಂದಿ ಕಂಗಾಲಾದರು. ಅಪ್ಪನ ಹೆಸರು ಎರಡನೇ ಪುಟದಲ್ಲಿದ್ದರೆ ಸಾಕು ಎಂಬ ಸಡಿಲಿಕೆ ಬಂದ ಮೇಲೆ ಉಸಿರುಬಿಟ್ಟರು.

ನನಗೆ ಆದದ್ದು ಇಷ್ಟೇ. ಮೊದಲ ಸಲ ವಿದೇಶಕ್ಕೆ ಹೋದಾಗ ವಿಮಾನ ನಿಲ್ದಾಣದ ಕಿಟಕಿಯಲ್ಲಿ ಕೂತವರು ಯಾರನ್ನೋ ಕರೆಯುತ್ತಿದ್ದರು. ಎರಡು ಸಲ, ಮೂರು ಸಲ ಕರೆದರು. ಆ ಹೆಸರು ನನಗೆ ಬಹಳ ಚೆನ್ನಾಗಿ ಗೊತ್ತಿರುವ ಹೆಸರು, ಆದರೆ ಅದಕ್ಕೆ ನಾನು ಓಗೊಡಬೇಕು ಎಂದು ಹೊಳೆಯಲೇ ಇಲ್ಲ. ಅದು ನನ್ನ ಅಪ್ಪನ ಹೆಸರು. ಬಸ್ಸಿನಲ್ಲಿ ಮೈಸೂರಿನ ತನಕ ಹೋಗಿ ಬರುವುದೇ ದೂರ ಎಂದುಕೊಂಡಿದ್ದ, ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ನನ್ನ ಅಪ್ಪನನ್ನು ಯಾರೋ ಒಬ್ಬ ಗುರುತಿಲ್ಲದ ಮನುಷ್ಯ ಹೆಸರು ಹಿಡಿದು ಕರೆಯುತ್ತಿದ್ದ. ನಾನು ಹೋಗಿ ಅಪ್ಪನ ಪರವಾಗಿ ನಿಂತುಕೊಂಡೆ.

ಇದನ್ನೆಲ್ಲ ಗಂಡನಿಗೆ ಹೇಳಿದ್ದೆ. ಆದರೂ ಮಗಳಿಗೆ ಹೆಸರು ಹುಡುಕುವಾಗ ನಾವಿಬ್ಬರೂ ಮಾಡುತ್ತಿದ್ದದ್ದು ಒಂದೇ ಕೆಲಸ, ಅಡ್ಡಹೆಸರನ್ನು ಮರೆಮಾಡುವ ಕೆಲಸ. ಹೊಂದುವ ಹೆಸರು ಎಂದು ನಾವು ಕರೆಯುತ್ತಿದ್ದದ್ದು ಮುಚ್ಚುವ ಹೆಸರನ್ನು. ಹಾಗೆ ಹುಡುಕಿದ ಯಾವ ಹೆಸರೂ ಎರಡು ದಿನಕ್ಕಿಂತ ಹೆಚ್ಚು ನಮ್ಮ ಮನೆಯಲ್ಲಿ ನಿಲ್ಲಲಿಲ್ಲ. ಕೂಸು ಅಷ್ಟರಲ್ಲಿ ಪುಟ್ಟಿಯಾಗಿ, ಪಾಪುವಾಗಿ, ಅಮ್ಮನ ಬಾಯಲ್ಲಿ ಚಿನ್ನುಮರಿಯಾಗಿ ಕತ್ತು ನಿಲ್ಲಿಸಲು ಕಲಿಯುತ್ತಿತ್ತು.

ಮೂರನೇ ತಿಂಗಳಲ್ಲಿ ತೊಟ್ಟಿಲಿಗೆ ಹಾಕುವುದು ಎಂದು ಅತ್ತೆ ದಿನ ನೋಡಿದರು. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬ್ಯಾಡಗಿಯ ದಾರಿ ಹಿಡಿದಾಗ ಮಾರುಕಟ್ಟೆಯ ಸುಗ್ಗಿ. ಕಾರಿನ ಗಾಜು ಏರಿಸಿದ್ದರೂ ಕೂಸು ಒಮ್ಮೆ ಸೀನಿತು. ರಸ್ತೆಯ ಎರಡೂ ಕಡೆ ಚೀಲಗಳು, ಕಣಗಳಲ್ಲಿ ಹರಡಿದ ಕೆಂಪು. ಬ್ಯಾಡಗಿ ಮೆಣಸಿನಕಾಯಿಯ ಗುಣ ಖಾರಕ್ಕಿಂತ ಬಣ್ಣ; ಸುಕ್ಕುಸುಕ್ಕಾದ ಸಿಪ್ಪೆ, ದಟ್ಟ ಕೆಂಪು, ಮೆತ್ತಗಿನ ಖಾರ. ಉದ್ದಕ್ಕೆ ತೆಳ್ಳಗಿರುವುದು ಕಡ್ಡಿ, ಗಿಡ್ಡಕ್ಕೆ ದುಂಡಗಿರುವುದು ಡಬ್ಬಿ. ಅದರಿಂದ ತೆಗೆದ ಬಣ್ಣ ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿಗೂ ಉಗುರಿನ ಬಣ್ಣಕ್ಕೂ ಹೋಗುತ್ತದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಅಂದರೆ ಬೇರೆ ಸೀಮೆಯ ಕಾಯಿ ಬ್ಯಾಡಗಿಯ ಹೆಸರು ಹೇಳಿಕೊಳ್ಳುವ ಹಾಗಿಲ್ಲ. ಒಂದು ಕಾಯಿಗೆ ಊರಿನ ಹೆಸರನ್ನು ಕಾನೂನಿನಿಂದ ಕಾಯ್ದುಕೊಟ್ಟಿದ್ದಾರೆ ಎಂದು ಮಾವ ಹೆಮ್ಮೆಯಿಂದ ಹೇಳಿದರು.

ಅವರು ಹೇಳುತ್ತಿದ್ದಂತೆ ನನಗೆ ಮೆಣಸಿನಕಾಯಿ ಎಂಬ ಪದದ ಮೇಲೇ ಗಮನ ಹೋಯಿತು. ಈ ಕಾಯಿ ನಮ್ಮದಲ್ಲ. ಅಮೆರಿಕ ಖಂಡದಿಂದ ಹೊರಟು 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಬಂದದ್ದು. ಅದಕ್ಕೂ ಮೊದಲು ಇಲ್ಲಿ ಖಾರ ಎಂದರೆ ಮೆಣಸು, ಬಳ್ಳಿಯ ಕರಿಮೆಣಸು. ಹೊಸದಾಗಿ ಬಂದ ಕಾಯಿಯನ್ನು ಏನೆಂದು ಕರೆಯುವುದು? ಹಿಂದಿನವರು ಮೆಣಸಿನ ಹೆಸರು ಮುಂದಿಟ್ಟು, ಅದರ ಬೆನ್ನಿಗೆ ಇದನ್ನು ಕಾಯಿ ಎಂದು ನಿಲ್ಲಿಸಿದರು. ಮೆಣಸಿನ ಕಾಯಿ. ಮೆಣಸಿನ ಮನೆಗೆ ಬಂದ ಕಾಯಿ ಎಂಬಂತೆ. ಗುರುತಿಲ್ಲದ ಒಂದಕ್ಕೆ ಗುರುತಿರುವುದರ ಆಸರೆ ಕೊಟ್ಟು ಒಳಗೆ ಕರೆದುಕೊಂಡರು. ಇವತ್ತು ಮೆಣಸಿನಕಾಯಿ ಇಲ್ಲದ ಅಡುಗೆ ನಮಗೆ ಊಹೆಗೂ ಸಿಗುವುದಿಲ್ಲ. ನನ್ನ ಮಡಿಲಲ್ಲಿ ಮಲಗಿದ್ದದ್ದೂ ಎಲ್ಲಿಂದಲೋ ಹೊಸದಾಗಿ ಬಂದ ಜೀವವೇ. ಅವಳ ಹೆಸರಿನ ಮುಂದೆ ಯಾವ ಆಸರೆ ಇಡಬೇಕು ಎಂಬ ಪ್ರಶ್ನೆಯನ್ನು ನಾನು ಅಲ್ಲಿಯ ತನಕ ಹಾಗೆ ಕೇಳಿಕೊಂಡೇ ಇರಲಿಲ್ಲ.

ಮನೆಯಲ್ಲಿ ಆಯಿ ಇದ್ದರು, ಗಂಡನ ಅಜ್ಜಿ. ತೊಂಬತ್ತರ ಹತ್ತಿರ. ಕಣ್ಣು ಮಂದವಾಗಿದೆ, ಕಿವಿ ಚುರುಕು. ನಾವು ಪಡಸಾಲೆಯಲ್ಲಿ ಕೂತು ಉಳಿದಿದ್ದ ಹನ್ನೊಂದು ಹೆಸರುಗಳಲ್ಲಿ ಎಂಟನ್ನು ಹೊಡೆದುಹಾಕುತ್ತಿದ್ದಾಗ ಕೇಳಿದರು.

“ಏನ್ ಬರಕೋತ ಕುಂತೀರಿ?”

“ಕೂಸಿನ ಹೆಸರು ಆಯಿ. ಅಡ್ಡಹೆಸರಿಗೆ ಹೊಂದಬೇಕಲ್ಲ, ಅದಕ್ಕೆ ನೋಡ್ತಾ ಇದ್ದೀವಿ.”

“ಹೆಣ್ಣ ಕೂಸಿಗೆ ಅಡ್ಡಹೆಸರ ಯಾಕ ಹೊಂದಿಸ್ತೀರಿ ಯವ್ವಾ? ನಾ ಹುಟ್ಟಿದ್ದು ಬೆಲ್ಲದ ಮನ್ಯಾಗ. ಹದಿನಾಕು ತುಂಬೂದ್ರಾಗ ಮೆಣಸಿನಕಾಯಿ ಮನಿಗೆ ಬಂದೆ. ಹೊಂದತೈತೋ ಇಲ್ಲೋ ಅಂತ ಯಾರ್ ಕೇಳಿದ್ರು? ನಾನ ಹೊಂದಿಕೊಂಡೆ.”

ಅವರು ಇದನ್ನು ದೂರಿನಂತೆ ಹೇಳಲಿಲ್ಲ. ಮಳೆ ಬಂತು, ಛತ್ರಿ ಹಿಡಿದೆ ಅನ್ನುವ ಹಾಗೆ ಹೇಳಿದರು. ಆದರೆ ನನ್ನ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು. ಹೊಂದಿಸುವುದು ಒಂದು, ಹೊಂದಿಕೊಳ್ಳುವುದು ಇನ್ನೊಂದು. ಧಾತು ಒಂದೇ, ನಡುವೆ ಬಂದ ‘ಕೊಳ್ಳು’ ಎಂಬುದು ಭಾರವನ್ನೆಲ್ಲ ಒಬ್ಬರ ಹೆಗಲಿಗೆ ದಾಟಿಸಿಬಿಡುತ್ತದೆ. ಬೆಲ್ಲದ ಮನೆಯ ಹುಡುಗಿ ಮೆಣಸಿನಕಾಯಿ ಮನೆಗೆ ಬಂದಾಗ ಅವಳ ಹೆಸರಿನ ಮಾತ್ರೆ ಎಣಿಸಿದವರಿಲ್ಲ. ಮದುವೆಯಾದ ಹೆಣ್ಣು ಹೆಸರು ಬದಲಿಸಲೇಬೇಕು ಎಂದು ನಮ್ಮ ಕಾನೂನಿನಲ್ಲಿ ಎಲ್ಲೂ ಇಲ್ಲ, ರೂಢಿಯಲ್ಲಿದೆ. ನನ್ನ ಮಗಳು ನಾಳೆ ಏನು ಮಾಡುತ್ತಾಳೋ ಅದು ಅವಳ ಮಾತು. ಆದರೆ ನಾನು ಅವಳಿಗೆ ಇದು ಸ್ವಲ್ಪ ಕಾಲದ ಅಡ್ಡಹೆಸರು ಎಂದು ಕೊಡಲಾರೆ, ನಾಚಿಕೆಯ ಅಡ್ಡಹೆಸರು ಎಂದೂ ಕೊಡಲಾರೆ. ಕೊಟ್ಟರೆ ಇಡಿಯಾಗಿ ಕೊಡಬೇಕು. ಹಾಗೆ ಕೊಡಬೇಕಾದರೆ ಅದು ಏನು, ಎಲ್ಲಿಂದ ಬಂತು ಎಂದು ನನಗೆ ಗೊತ್ತಿರಬೇಕು.

ಕೇಳಿದೆ. ಆಯಿ ಹೇಳಿದರು. ಮನೆತನಕ್ಕೆ ಹಿಂದೆ ಬೇರೆ ಏನೋ ಹೆಸರಿತ್ತಂತೆ, ಅದು ಯಾರಿಗೂ ನೆನಪಿಲ್ಲ. ಆಯಿಯ ಮಾವ ಚಕ್ಕಡಿಯಲ್ಲಿ ಮೆಣಸಿನಕಾಯಿ ಹೇರಿಕೊಂಡು ಸಂತೆಯಿಂದ ಸಂತೆಗೆ ಹೋಗುತ್ತಿದ್ದರಂತೆ. ಸಂತೆಯವರು ಬರಬರುತ್ತ ಅವರನ್ನು ಆ ಸರಕಿನಿಂದಲೇ ಕರೆದರು, ಅದೇ ನಿಂತಿತು. “ಚಕ್ಕಡಿ ಹೊಡದಾವ ಅಂವ ಖರೆ. ಮೆಣಸಿನಕಾಯಿ ಹಸನ ಮಾಡಿದಾಕಿ ನಮ್ಮ ಅತ್ತಿ,” ಅಂದರು ಆಯಿ. ಹಗಲೆಲ್ಲ ಕೂತು ತೊಟ್ಟು ಬಿಡಿಸುವುದು, ಕೊಳೆತದ್ದು ಆರಿಸುವುದು. ಬೆರಳಿನ ಸಂದಿಯೆಲ್ಲ ಉರಿ. ಸಂಜೆ ಕೈಗೆ ಎಣ್ಣೆ ತಿಕ್ಕಿ, ಮಜ್ಜಿಗೆಯಲ್ಲಿ ತೊಳೆದು, ಮೂಸಿ ನೋಡಿ, ಆಮೇಲಷ್ಟೇ ಮೊಮ್ಮಕ್ಕಳನ್ನು ಎತ್ತಿಕೊಳ್ಳುತ್ತಿದ್ದರಂತೆ. ಒಮ್ಮೊಮ್ಮೆ ತೊಳೆದ ಮೇಲೂ ಧೈರ್ಯ ಸಾಲದೆ ಮೊಣಕೈಯಿಂದಲೇ ತೊಟ್ಟಿಲು ತೂಗುತ್ತಿದ್ದರಂತೆ. ಆಯಿ ತಮ್ಮ ಮೊಣಕೈ ಎತ್ತಿ ಗಾಳಿಯಲ್ಲಿ ಹೇಗೆ ಎಂದು ತೋರಿಸಿದರು.

“ಅವರ ಹೆಸರು ಏನು ಆಯಿ?”

ಆಯಿ ಬಾಗಿಲ ಕಡೆ ಮುಖ ತಿರುಗಿಸಿದರು. ಅತ್ತೆಯ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಅತ್ತೆ ಹೋಗಿ ಐವತ್ತು ವರ್ಷವಾಗಿದ್ದರೂ. ಒಳಗಿನಿಂದ ನಾದಿನಿ ಹೇಳಿದಳು: “ನೀಲವ್ವ.”

ಮರುದಿನ ಕೂಸನ್ನು ನೋಡಲು ಓಣಿಯ ಹೆಂಗಸರು ಬಂದರು. ಒಬ್ಬಾಕೆ ಹೊಸ್ತಿಲಲ್ಲೇ ನಿಂತು ಹಿಂದಿನವಳಿಗೆ ಹೇಳುತ್ತಿದ್ದಳು, ಮೆಣಸಿನಕಾಯಿ ಮನಿ ಕೂಸು ನೋಡಿದೇನವಾ ಎಂದು. ಬಂದವರೆಲ್ಲ ತಮ್ಮತಮ್ಮೊಳಗೆ ಆಡುತ್ತಿದ್ದ ಮಾತಿನಲ್ಲಿ ಯಾರ ಹೆಸರು ಬಂದರೂ ಅಡ್ಡಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಅಂಗಡಿ ಬಸವ್ವ, ಬೆಲ್ಲದ ಈರಪ್ಪ, ಹಿರೇಮಠ ಅಜ್ಜಾರು ಎಂಬ ಧಾಟಿ. ಕನ್ನಡದ ನಡಿಗೆಯೇ ಅದಲ್ಲವೇ. ಕೆಂಪು ಹೂ ಅನ್ನುತ್ತೇವೆ, ಊರ ಬಾವಿ ಅನ್ನುತ್ತೇವೆ. ಯಾವುದರದು ಎಂಬುದು ಮುಂದೆ, ಯಾವುದು ಎಂಬುದು ಹಿಂದೆ. ಬೆಲ್ಲದ, ತುಪ್ಪದ, ಉಪ್ಪಿನ ಎಂಬ ಅಡ್ಡಹೆಸರುಗಳೆಲ್ಲ ಷಷ್ಠೀ ವಿಭಕ್ತಿಯವು, ಮುಂದೊಂದು ಹೆಸರಿಗೆ ಕಾಯುತ್ತಿರುವ ಪದಗಳು. ಅವನ್ನು ಕೊನೆಗೆ ಇಟ್ಟರೆ ವಾಕ್ಯ ಅರ್ಧಕ್ಕೆ ನಿಂತಂತೆ. ಮೂರು ತಿಂಗಳಿಂದ ನಾವು ಹೆಸರನ್ನು ತಲೆಕೆಳಗು ಹಿಡಿದು ಕಿವಿಗೊಟ್ಟು ಕೇಳುತ್ತಿದ್ದೆವು. ಅರ್ಜಿಯ ನಮೂನೆ ಹೇಳಿದ ಕ್ರಮದಲ್ಲಿ ಕೇಳುತ್ತಿದ್ದೆವು, ಊರು ಕರೆಯುವ ಕ್ರಮದಲ್ಲಲ್ಲ.

ಅದು ತಿಳಿದ ಕೂಡಲೇ ಇನ್ನೊಂದೂ ತಿಳಿಯಿತು. ನನ್ನ ತವರಿನ ಇನಿಷಿಯಲ್ಲೂ ಈ ಓಣಿಯ ಅಡ್ಡಹೆಸರೂ ಬೇರೆ ಬೇರೆ ಪದ್ಧತಿ ಎಂದುಕೊಂಡಿದ್ದೆ. ಎರಡರ ಚಲನೆಯೂ ಒಂದೇ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ: ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ತಾನು. ಸಂತೇಶಿವರ ಲಿಂಗಣ್ಣಯ್ಯ ಭೈರಪ್ಪ. ಮಾಸ್ತಿ ವೆಂಕಟೇಶ, ದೇವನೂರ ಮಹಾದೇವ. ದೂರದಿಂದ ಹತ್ತಿರಕ್ಕೆ ಬರುವ ದಾರಿ ಇದು. ಊರ ಬಾಗಿಲು, ಮನೆ ಬಾಗಿಲು ದಾಟಿ ಮನುಷ್ಯನ ಮುಖ ಕಾಣುತ್ತದೆ. ಧಾರವಾಡದ ಕಡೆ ಬೊಂಬಾಯಿ ಪ್ರಾಂತ್ಯದ ಆಡಳಿತವಿತ್ತು. ಅಲ್ಲಿನ ದಫ್ತರಗಳಲ್ಲಿ ಮೊದಲು ತಾನು, ಆಮೇಲೆ ತಂದೆ, ಕೊನೆಗೆ ಮನೆತನ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ವಿನಾಯಕ ಕೃಷ್ಣ ಗೋಕಾಕ. ಮಲ್ಲಿಕಾರ್ಜುನ ಮನಸೂರ ಎಂಬಲ್ಲಿ ಮನಸೂರು ಒಂದು ಹಳ್ಳಿ, ಗಂಗೂಬಾಯಿ ಹಾನಗಲ್ಲ ಎಂಬಲ್ಲಿ ಹಾನಗಲ್ಲು ಒಂದು ಊರು. ಕುಪ್ಪಳಿಯೂ ಊರೇ, ಮಾಸ್ತಿಯೂ ಊರೇ. ಒಂದು ಕಡೆ ಊರು ಮುಂದೆ ಕೂತಿದೆ, ಇನ್ನೊಂದು ಕಡೆ ಹಿಂದೆ. 1956ರ ನವೆಂಬರ್ 1ರಂದು ಎರಡೂ ಕಡೆಯ ಕನ್ನಡಿಗರು ಒಂದೇ ರಾಜ್ಯದವರಾದರು. ಹಳೆಯ ಗಡಿ ಮಾತ್ರ ಹೆಸರುಗಳೊಳಗೆ ಹಾಗೇ ಉಳಿದಿದೆ. ನಮ್ಮ ಮದುವೆಯ ಕರೆಯೋಲೆಯಲ್ಲೂ ಇತ್ತು: ಅವನ ಹೆಸರಿಗೆ ಬಾಲ, ನನ್ನ ಹೆಸರಿಗೆ ತಲೆ.

ಕುವೆಂಪು ತಮ್ಮ ಗಂಡು ಮಕ್ಕಳಿಗೆ ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ ಎಂದು ಹೆಸರಿಟ್ಟರು. ಹಿಂದೆ ಯಾವ ಅಡ್ಡಹೆಸರೂ ನಿಂತು ಕಾಯದಿದ್ದರೆ ಒಬ್ಬ ಕವಿ ಎಷ್ಟು ನಿಶ್ಚಿಂತೆಯಿಂದ ಹೆಸರನ್ನು ಹರಿಯಬಿಡಬಲ್ಲ ಎಂಬುದಕ್ಕೆ ಆ ಎರಡು ಹೆಸರು ಸಾಕ್ಷಿ. ನನಗೆ ಆ ಐಶ್ವರ್ಯ ಇರಲಿಲ್ಲ. ನನಗೆ ಹೆಚ್ಚು ಹತ್ತಿರವಾದದ್ದು ಬೇಂದ್ರೆಯವರು. ದಫ್ತರದ ಕ್ರಮದಲ್ಲಿ ತಂದೆಯ ಹೆಸರು, ಮನೆತನದ ಹೆಸರು ಎರಡೂ ಇದ್ದರೂ ಕವಿತೆ ಬರೆಯುವಾಗ ಅವರು ಅಂಬಿಕಾತನಯದತ್ತ ಎಂದುಕೊಂಡರು. ಅಂಬಿಕೆಯ ಮಗ ದತ್ತ. ತಾಯಿ ಮೊದಲು, ತಾನು ಕೊನೆಗೆ. ಆಸ್ಪತ್ರೆಯ ಪಟ್ಟಿ ನನ್ನ ಕಪಾಟಿನಲ್ಲಿತ್ತಲ್ಲ, ಅದರ ವ್ಯಾಕರಣವೂ ಇದೇ. ಎಲ್ಲ ಕೂಸುಗಳೂ ಮೊದಲ ಮೂರು ದಿನ ಅಂಬಿಕಾತನಯರೇ. ಆಮೇಲೆ ಆ ಹೆಸರು ಕತ್ತರಿಗೆ ಸಿಗುತ್ತದೆ.

ಆ ರಾತ್ರಿ ಗಂಡನಿಗೆ ಹೇಳಿದೆ: ಮೆಣಸಿನಕಾಯಿ ನೀಲಾ. ಅವನು ಎರಡು ಸಲ ಅಂದು ನೋಡಿದ. ಏಳು ಮಾತ್ರೆ ಓಡಿ ಬಂದು ಎರಡು ಗುರುಗಳ ಮೇಲೆ ಕೂತುಕೊಳ್ಳುತ್ತದೆ. ನನ್ನ ಅಮ್ಮನಿಗೆ ಇಷ್ಟವಾಗಿದ್ದ ಇಳಾ ಎಂಬ ಹೆಸರಿಟ್ಟಿದ್ದರೆ ಹಿಂದಿನ ‘ಯಿ’ ಮುಂದಿನ ‘ಇ’ಯನ್ನು ನುಂಗುತ್ತಿತ್ತು. ತಿರುಗಿಸಿ ಅಂದರೂ, ನೀಲಾ ಮೆಣಸಿನಕಾಯಿ, ನಾಲಿಗೆ ಎಡವುವುದಿಲ್ಲ. ಇನ್ನೊಂದು ಪರೀಕ್ಷೆಯೂ ಇತ್ತು, ಅದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು. ಕನ್ನಡದಲ್ಲಿ ಹೆಸರು ಎಂದೂ ಬರಿಮೈಯಲ್ಲಿ ಇರುವುದಿಲ್ಲ. ಪ್ರೀತಿ ಬಂದಾಗ, ವಯಸ್ಸಾದಾಗ, ಗೌರವ ಕೊಡಬೇಕಾದಾಗ ಅದಕ್ಕೆ ಅವ್ವ, ಅಮ್ಮ, ಅಕ್ಕ ಸೇರಿಕೊಳ್ಳುತ್ತವೆ. ಸಾನ್ವಿಗೆ ಅವ್ವ ಸೇರಿಸಲು ಹೋದರೆ ಬಾಯಿ ಒಪ್ಪುವುದಿಲ್ಲ, ಮೈರಾ ಕೂಡ ಒಪ್ಪುವುದಿಲ್ಲ. ಅವು ವಯಸ್ಸಾಗಲು ಬಿಡದ ಹೆಸರುಗಳು. ನೀಲಾ ಬ್ಯಾಡಗಿಯಲ್ಲಿ ನೀಲವ್ವನಾಗುತ್ತಾಳೆ, ನಾಗಮಂಗಲದಲ್ಲಿ ನೀಲಮ್ಮನಾಗುತ್ತಾಳೆ, ಬೆಂಗಳೂರಿನ ಗೆಳತಿಯರಿಗೆ ನೀಲು. ಬಸವಣ್ಣನವರ ಮಡದಿ, ತಾನೇ ವಚನ ಬರೆದ ನೀಲಾಂಬಿಕೆಯನ್ನು ನೀಲಮ್ಮ ಎಂದೂ ಕರೆದ ನಾಡಿದು. ಈ ಹೆಸರು ಎಂಟುನೂರು ವರ್ಷ ಕರೆಸಿಕೊಂಡು ಹದವಾಗಿದೆ.

“ಆಫೀಸಿನಲ್ಲಿ ನಗುವವರು ನಗಲಿ. ಯಾರ ಕೈ ಉರಿದು ಬಂದ ಹೆಸರು ಅಂತ ಅವಳಿಗೆ ಹೇಳಿಕೊಡೋಣ,” ಅಂದ ಗಂಡ. ಸ್ವಲ್ಪ ಹೊತ್ತು ಬಿಟ್ಟು ತಾನಾಗಿಯೇ ಅಂದ, “ನಡುವೆ ನನ್ನ ಹೆಸರು ಬೇಡ. ನಿನ್ನದು ಇರಲಿ.” 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ, ಚುನಾವಣೆಯ ಪಟ್ಟಿ, ಪಾಸ್‌ಪೋರ್ಟ್ ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಅದರಲ್ಲಿ ಬರೆದದ್ದು ಬಹಳ ದೂರ ಹೋಗುತ್ತದೆ. ಅಲ್ಲಿ ಮಗಳ ಹೆಸರಿಗೂ ಮೆಣಸಿನಕಾಯಿಗೂ ನಡುವೆ ಈಗ ನನ್ನ ಹೆಸರಿದೆ. ಮುಂದೊಂದು ದಿನ ಯಾವುದೋ ಕಿಟಕಿಯಲ್ಲಿ ಯಾರೋ ಅವಳನ್ನು ನನ್ನ ಹೆಸರಿನಿಂದ ಕರೆದರೆ ಅವಳು ತಿರುಗಿ ನೋಡುತ್ತಾಳೋ ಇಲ್ಲವೋ.

ತೊಟ್ಟಿಲ ದಿನ ಪಡಸಾಲೆ ತುಂಬ ಜನ. ಮೊದಲು ಗುಂಡುಕಲ್ಲಿಗೆ ಕುಂಚಿಗೆ ಹೊದಿಸಿ ತೊಟ್ಟಿಲಲ್ಲಿ ಮಲಗಿಸಿ ತೂಗಿದರು. ಆಮೇಲೆ ಕೂಸು. ನಾದಿನಿ, ಕೂಸಿನ ಸೋದರತ್ತೆ, ತೊಟ್ಟಿಲಿಗೆ ಬಗ್ಗಿ ಕಿವಿಯ ಹತ್ತಿರ ಬಾಯಿಟ್ಟು ಕುರ್ರ್ ಅಂದಳು. ಹಿಂದೆ ನಿಂತಿದ್ದ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿದರು, ನಗೆಯೋ ನಗೆ. ಆ ಗದ್ದಲದೊಳಗೆ ಅವಳು ಕಿವಿಯಲ್ಲಿ ಹೆಸರು ಹೇಳಿದಳು. ನೀಲಾ ಎಂದು ಅಷ್ಟೇ. ಅಡ್ಡಹೆಸರನ್ನು ಕೂಸಿನ ಕಿವಿಯಲ್ಲಿ ಯಾರೂ ಹೇಳುವುದಿಲ್ಲ. ಗುಗ್ಗರಿ ಹಂಚಿದರು. ಓಣಿಯವರು ಹೆಸರು ಕೇಳಿ ಹೋಗಿ ಮನೆ ಮನೆಯಲ್ಲಿ ಅದನ್ನು ನೀಲವ್ವ ಮಾಡಿದರು.

ಆಯಿ ಮಾತ್ರ ಹೆಸರಿಟ್ಟ ಕ್ಷಣದಿಂದ ಸುಮ್ಮನಿದ್ದರು. ಮನಸ್ಸಿಗೆ ಬರಲಿಲ್ಲವೇನೋ, ಒಂದು ಮಾತು ಕೇಳಬೇಕಿತ್ತು ಎಂದು ನನಗೆ ಅಳುಕು. ಮಧ್ಯಾಹ್ನ ಜನ ಕರಗಿದ ಮೇಲೆ ಒಳಗೆ ಹೋಗಿದ್ದೆ. ಕೂಸು ಅತ್ತ ಸದ್ದು ಕೇಳಿ ಬರುವಷ್ಟರಲ್ಲಿ ಆಯಿ ಗೋಡೆ ಹಿಡಿದು ತೊಟ್ಟಿಲ ಹತ್ತಿರ ಬಂದು ನೆಲದ ಮೇಲೆ ಕೂತಿದ್ದರು. ಹಗ್ಗ ಕೈಗೆ ಸಿಕ್ಕಿರಲಿಲ್ಲ. ಮೊಣಕೈಯಿಂದ ತೊಟ್ಟಿಲನ್ನು ಮೆಲ್ಲಗೆ ತಳ್ಳುತ್ತಿದ್ದರು.

“ಅತ್ತೀ,” ಅನ್ನುತ್ತಿದ್ದರು. “ಅಳಬ್ಯಾಡ್ರಿ ಅತ್ತೀ. ಮಕ್ಕೋರಿ.”